ಹಳೇ ಗಿಟಾರಿನ ಅಂದಿನ ದರ: ನನ್ನ ಏಣಿ ನಿಂತದ್ದು ಹೀಗೆ

ಹಳೇ ಗಿಟಾರು ಹೊಸದಿದ್ದಾಗ ಯಾವುದು ಅಗ್ಗ, ಯಾವುದು ದುಬಾರಿ ಅಂತ ದರ್ಜೆಯ ಏಣಿ ಕಟ್ಟಲು ಹೊರಟಿದ್ದೆ. ಇಂದಿನ ಹರಾಜಿನ ಬೆಲೆ ನೋಡಿ ಗಿಬ್ಸನ್ ಕಂಪನಿಯ 1959ರ ಲೆಸ್ ಪಾಲ್ ಸ್ಟ್ಯಾಂಡರ್ಡೇ ಲೆಸ್ ಪಾಲ್ ಸಾಲಿನ ಮೇಲ್ತುದಿ ಅಂತ ವಾದಿಸಿದವರು ಬಹಳ. ಅಲ್ಲ, ಅದರ ಮೇಲೆ ಲೆಸ್ ಪಾಲ್ ಕಸ್ಟಮ್ ಎಂಬ ಮಾಡೆಲ್ ಇತ್ತು. ನನ್ನ ಪಟ್ಟಿ ತೋರಿಸಿದ ಮೇಲೆ ವಾದ ನಿಂತಿದೆ.

ಮೊದಲು ಎಡವಿದ್ದು ಮಾಡೆಲ್ ನಂಬರನ್ನೇ ಬೆಲೆ ಅಂತ ಹಿಡಿದು. ಗಿಬ್ಸನ್ನಿನದೇ ಇಎಸ್-175 ಬಂದದ್ದು 1949ರಲ್ಲಿ, 175 ಡಾಲರಿಗೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇಲ್ಲದ ಸೂಪರ್ 400 ಕೂಡ 1934ರಲ್ಲಿ 400ಕ್ಕೇ. ಇಎಸ್-335ಕ್ಕೆ ಬಂದಾಗ ಲೆಕ್ಕ ಕುಸಿಯಿತು: 1958ರಲ್ಲಿ ಸನ್‌ಬರ್ಸ್ಟ್ (ಅಂಚಿನತ್ತ ಕಪ್ಪಾಗುವ ಬಣ್ಣ) ಸುಮಾರು 267, ನ್ಯಾಚುರಲ್‌ಗೆ (ಮರದ ಸಹಜ ಬಣ್ಣ) ಮೇಲೆ 15.

ಮರ ನೋಡಿ ಅಳೆದದ್ದೂ ವ್ಯರ್ಥ. ಕಡಿಮೆ ಬೆಲೆಯ ಸ್ಟ್ಯಾಂಡರ್ಡ್‌ಗೆ ಮೇಪಲ್ ಟಾಪ್, ದುಬಾರಿ ಕಸ್ಟಮ್‌ಗೆ ಆಗ ಬರೀ ಮಹೋಗನಿ!

ಗಿಬ್ಸನ್ ಪ್ರೈಸ್‌ಲಿಸ್ಟ್ ಕ್ಯಾಟಲಾಗಿನಿಂದ ಬೇರೆಯೇ ಹಾಳೆ. ಎರಡು ಮೂರು ಸಾವಿರ ರೂಪಾಯಿ ಕೊಟ್ಟು ತರಿಸಿದ ಸ್ಕ್ಯಾನುಗಳಲ್ಲಿ ಎರಡು ಬೇರೆ ವರ್ಷದ ಹಾಳೆ ಬೆರೆತಿದ್ದವು. ದುಡ್ಡು ಹೋಯಿತು. ದಿನಾಂಕವಿಲ್ಲದ ಹಾಳೆಯ ವರ್ಷ ಹಿಡಿಯಲು ಒಂದು ಉಪಾಯ ಉಂಟು, ಅದು ನನ್ನಲ್ಲೇ ಇರಲಿ.

ಕೊನೆಗೆ ಕೈ ಹಿಡಿದದ್ದು ಅನುಪಾತ. ಒಂದೇ ವರ್ಷದ ಪಟ್ಟಿ ತೆಗೆದು ಕೆಳಗಿನ ಮಾಡೆಲ್ಲಿಗೆ 1 ಅಂತ ಇಟ್ಟೆ. 1954ರಲ್ಲಿ ಲೆಸ್ ಪಾಲ್ ಜೂನಿಯರ್ 99.50, ಸ್ಟ್ಯಾಂಡರ್ಡ್ (ಆಗಿನ ಹೆಸರು ಬರೀ ಲೆಸ್ ಪಾಲ್ ಮಾಡೆಲ್) 225, ಕಸ್ಟಮ್ 325. ಅಂದರೆ 1, 2.26, 3.27. ಆಮೇಲೆ ವಾದ್ಯವನ್ನೇ ಮುಂದಿಟ್ಟುಕೊಂಡು ತಾಳೆ ನೋಡಿದೆ. ಜೂನಿಯರ್‌ಗೆ ಪಿ-90 ಎಂಬ ಪಿಕಪ್ ಒಂದು, ಬೆರಳಿಡುವ ಬೋರ್ಡಿನಲ್ಲಿ ಡಾಟ್ ಇನ್ಲೇ (ಚುಕ್ಕಿ ಗುರುತು), ಅಂಚುಪಟ್ಟಿ ಅಂದರೆ ಬೈಂಡಿಂಗ್ ಇಲ್ಲ, ಲೋಗೋ ಬರೀ ಬಣ್ಣದ ಅಚ್ಚು. 1955ರಲ್ಲಿ ಅದರ ಮೇಲೆ ಬಂದ ಸ್ಪೆಷಲ್‌ಗೆ ಎರಡು ಪಿ-90, ಬೋರ್ಡಿಗೆ ಬೈಂಡಿಂಗ್, ಮುತ್ತಿನ ಚಿಪ್ಪಿನ ಲೋಗೋ. ಸ್ಟ್ಯಾಂಡರ್ಡ್‌ಗೆ ಟ್ರೆಪಿಜಾಯ್ಡ್ ಇನ್ಲೇ. ಕಸ್ಟಮ್‌ಗೆ ಎಬನಿ ಬೋರ್ಡು, ಬ್ಲಾಕ್ ಇನ್ಲೇ, ಚಿನ್ನದ ಲೇಪದ ಹಾರ್ಡ್‌ವೇರ್, ಹೆಡ್‌ಸ್ಟಾಕಿನಲ್ಲಿ (ಗಿಟಾರಿನ ತಲೆ) ಸ್ಪ್ಲಿಟ್ ಡೈಮಂಡ್ ಎಂಬ ವಜ್ರಾಕಾರದ ಗುರುತು. ಇನ್ಲೇ ಒಂದನ್ನೇ ನಂಬಬೇಡಿ: 1962ರಲ್ಲಿ 335ರ ಡಾಟು ಹೋಗಿ ಸಣ್ಣ ಬ್ಲಾಕ್ ಬಂತು, ದರ್ಜೆ ಮಾತ್ರ ಅದೇ.

ಇನ್ನೊಂದು ಕಂಪನಿ ಫೆಂಡರಿನಲ್ಲಿ ಈ ಗುರುತು ಯಾವುದೂ ನಡೆಯದು. ಅಲ್ಲಿ ಹೊಸದಾಗಿ ಬಂದದ್ದೇ ಮೇಲೆ ಕೂರುತ್ತಿತ್ತು: ಟ್ರೆಮೊಲೊ (ಸ್ವರ ಅಲುಗಿಸುವ ಹಿಡಿ) ಸಹಿತ ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ 249.50, ಜಾಜ್‌ಮಾಸ್ಟರ್ 1958ರಲ್ಲಿ 330ರ ಹತ್ತಿರ, ಜಾಗ್ವಾರ್ 1962ರಲ್ಲಿ 379.50. ಈಗಿನ ಮಾರುಕಟ್ಟೆ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಕಸ್ಟಮ್ ಕಲರ್‌ಗೆ (ಮಾಮೂಲಿಯಲ್ಲದ ಬಣ್ಣ) ಆಗ ನೂರಕ್ಕೆ 5 ಹೆಚ್ಚು, ಆದರೆ ಬ್ಲಾಂಡ್ (ಮಾಸಲು ಹಳದಿ) ಬಣ್ಣದ ಟೆಲಿಕ್ಯಾಸ್ಟರಿಗೆ ಆ ಐದು ಸೇರಿಸಿ ಒಮ್ಮೆ ಇಡೀ ಕಾಲಂ ಕೆಟ್ಟಿತು. ಟೆಲಿಗೆ ಬ್ಲಾಂಡೇ ಮಾಮೂಲಿ ಬಣ್ಣ, ಸ್ಟ್ರಾಟಿಗೆ ಮಾತ್ರ ಅದು ಹೆಚ್ಚುವರಿ.

ಆ ಪಟ್ಟಿಗಳಲ್ಲಿ ಕೇಸಿನ ಬೆಲೆ ಬೇರೆ. 1959ರ ಲೆಸ್ ಪಾಲ್ ಸ್ಟ್ಯಾಂಡರ್ಡ್ 265, ಕಂದು ಕೇಸು 42.50. ಆ ಗಿಟಾರು ಆಗಲೇ 300 ದಾಟಿತ್ತು ಅಂತ ಯಾರಾದರೂ ಹೇಳಿದರೆ, ಅದು ಕೇಸೂ ಸೇರಿದ ಲೆಕ್ಕ.