ಸೇತುವೆ ಬಂದರೂ ಸರ್ಚ್‌ನಲ್ಲಿ ಲಾಂಚೇ ಕಾಣುತ್ತಿದೆಯೇ?

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಶರಾವತಿ ಹಿನ್ನೀರು ದಾಟಲು ಲಾಂಚಿಗೆ, ಅಂದರೆ ಜನ, ವಾಹನ ದಾಟಿಸುವ ದೊಡ್ಡ ದೋಣಿಗೆ, ಕಾಯುವುದು ತಪ್ಪಿತು. ತುಮರಿ ಕಡೆ ಹೋಂಸ್ಟೇ ನಡೆಸುವ ನನ್ನ ಸ್ನೇಹಿತರು ಅದೇ ವಾರ ತಮ್ಮ ವೆಬ್‌ಸೈಟ್‌ನ ‘ಬರುವ ದಾರಿ’ ಪುಟವನ್ನು ತಿದ್ದಿದರು. ತಿಂಗಳಾದರೂ ಫೋನ್ ಮಾತ್ರ ಅದೇ: ‘ಸಾರ್, ಲಾಂಚ್ ಹತ್ತೋಕೆ ಸಂಜೆ ಐದರೊಳಗೆ ಹೊಳೆಬಾಗಿಲಿಗೆ ಬರ್ಬೇಕಂತೆ. ನಾವು ಸಾಗರಕ್ಕೆ ಬರೋದೇ ಆರು ಗಂಟೆ. ಈ ಸಲ ಬೇಡ ಬಿಡಿ.’ ಸರ್ಚ್ ಮಾಡಿದಾಗ ಪುಟದ ಹೆಸರಿನ ಕೆಳಗೆ ಬರುವ ಎರಡು ಸಾಲಿನಲ್ಲಿ ಹಳೆಯ ಸೂಚನೆಯೇ ಉಳಿದಿತ್ತು.

ನಾವು ಹುಡುಕಿದ ಕ್ಷಣದಲ್ಲಿ ಗೂಗಲ್ ಸೈಟ್‌ಗೆ ಬಂದು ನೋಡುವುದಿಲ್ಲ. ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಮೊದಲೇ ಬಂದು ಪುಟ ಓದಿಕೊಂಡು ಹೋಗಿರುತ್ತದೆ. ಆಗ ಓದಿದ್ದನ್ನೇ ನಮಗೆ ತೋರಿಸುತ್ತದೆ. ಸುದ್ದಿ ಸೈಟ್‌ಗಳಿಗೆ ಅದು ಪದೇ ಪದೇ ಬರುತ್ತದೆ. ವರ್ಷಕ್ಕೊಮ್ಮೆ ತಿದ್ದುವ ಹೋಂಸ್ಟೇ ಪುಟಕ್ಕೆ ಅಪರೂಪ.

ಹಾಗಂತ ಸುಮ್ನೆ ಕಾಯಬೇಡಿ. ಮೊದಲು ನಿಮ್ಮ ಪುಟ ಹೊರಗಿನವರಿಗೂ ಹೊಸದಾಗಿಯೇ ಕಾಣುತ್ತಿದೆಯೇ ನೋಡಿ. ಲಾಗಿನ್ ಆಗಿರುವ ಫೋನಿನಲ್ಲಲ್ಲ, ಮನೆಯ ಇನ್ನೊಬ್ಬರ ಫೋನಿನಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ. ಸ್ನೇಹಿತರ ಸೈಟ್ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಸೈಟ್ ಬೇಗ ತೆರೆಯಲೆಂದು ಅದಕ್ಕೆ ಸೇರಿಸಿದ್ದ ಕ್ಯಾಶ್ ಪ್ಲಗಿನ್ ಹೊರಗಿನವರಿಗೆ ಹಿಂದೆ ಮಾಡಿಟ್ಟ ಪ್ರತಿಯನ್ನೇ ಕೊಡುತ್ತಿತ್ತು. ಪ್ಲಗಿನ್‌ನಲ್ಲಿ ಕ್ಯಾಶ್ ಅಳಿಸುವ ಬಟನ್ ಒತ್ತಿದ ಮೇಲೆ ಪುಟ ಸರಿಯಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಪುಟ ತಿದ್ದುವ ಜಾಗದಲ್ಲಿ ಕೆಳಗೆ ‘ಮೆಟಾ ಡಿಸ್ಕ್ರಿಪ್ಷನ್’ ಎಂಬ ಪುಟ್ಟ ಚೌಕ ಇತ್ತು. ಎರಡು ವರ್ಷದ ಹಿಂದೆ ಯಾರೋ ಅಲ್ಲಿ ಬರೆದಿದ್ದರು: ‘ಸಂಜೆ ಐದರೊಳಗೆ ಬನ್ನಿ, ಆಮೇಲೆ ಲಾಂಚ್ ಸಿಗುವುದಿಲ್ಲ.’ ಇದು ಪುಟದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಸರ್ಚ್‌ನ ಎರಡು ಸಾಲಿಗೆ ಗೂಗಲ್ ಎಷ್ಟೋ ಸಲ ಇದನ್ನೇ ಎತ್ತಿಕೊಳ್ಳುತ್ತದೆ. ಮೇಲಿನದನ್ನೆಲ್ಲ ತಿದ್ದಿ ಇದನ್ನು ಬಿಟ್ಟರೆ ಏನು ಬಂತು, ಅಲ್ವಾ?

ಇವೆರಡೂ ಸರಿಯಾದ ಮೇಲೆ ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಎಂದು ತೋರಿಸುವ ಈ ಸಾಧನ ಉಚಿತ. ಸೈಟ್ ನಿಮ್ಮದೇ ಎಂದು ಒಮ್ಮೆ ದೃಢಪಡಿಸಬೇಕು. ಮೇಲಿನ ಯುಆರ್‌ಎಲ್ ಇನ್‌ಸ್ಪೆಕ್ಷನ್ ಪಟ್ಟಿಯಲ್ಲಿ ಪುಟದ ಪೂರ್ತಿ ವಿಳಾಸ ಹಾಕಿ. ಗೂಗಲ್‌ಬಾಟ್ ಕೊನೆಯ ಸಲ ಬಂದ ದಿನಾಂಕ ಅಲ್ಲಿ ಸಿಗುತ್ತದೆ. ನೀವು ತಿದ್ದಿದ್ದು ಅದರ ನಂತರವಾದರೆ ಕಾರಣ ಸಿಕ್ಕಿತು. ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ, ಬಾಟ್‌ಗೆ ಹೊಸ ಸಾಲು ಕಾಣುತ್ತದೆಯೇ ಖಚಿತ ಮಾಡಿಕೊಂಡು, ಪುಟವನ್ನು ಮತ್ತೆ ಓದಲು ಗೂಗಲ್‌ಗೆ ಕೇಳುವ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಒಂದು ಸಲ ಸಾಕು. ಹತ್ತು ಸಲ ಒತ್ತಿದರೆ ಬೇಗ ಆಗುವುದಿಲ್ಲ, ದಿನಕ್ಕೆ ಮಿತಿಯೂ ಇದೆ. ಕೆಲವು ದಿನದಿಂದ ಕೆಲವು ವಾರದವರೆಗೆ ಹಿಡಿಯಬಹುದು.

ಪಕ್ಕದಲ್ಲೇ ‘ರಿಮೂವಲ್ಸ್’ ಎಂಬುದು ಕಾಣುತ್ತದೆ. ಅಲ್ಲಿ ಪುಟ ತೆಗೆಯಲು ಕೇಳಿಕೊಂಡರೆ ಇಡೀ ಪುಟವೇ ಸುಮಾರು ಆರು ತಿಂಗಳು ಸರ್ಚ್‌ನಿಂದ ಮರೆಯಾಗುತ್ತದೆ. ಒಂದು ಸಾಲು ಬದಲಿಸಲು ದಯವಿಟ್ಟು ಅದನ್ನು ಮುಟ್ಟಬೇಡಿ. ಬಾಟ್ ಯಾವ ಪುಟ ಓದಬಹುದು ಎಂದು ಹೇಳುವ ರೋಬಾಟ್ಸ್ ಫೈಲ್‌ನಲ್ಲಿ ಅದು ಬರದಂತೆ ತಡೆಯುವುದೂ ತಪ್ಪು. ಬರದಿದ್ದರೆ ಹೊಸದನ್ನು ಓದುವುದು ಹೇಗೆ?

ಸೈಟ್ ನಿಮ್ಮದಲ್ಲ, ಆದರೆ ನಿಮ್ಮ ಬಗ್ಗೆ ಹಳೆಯದು ಕಾಣುತ್ತಿದೆಯೇ? ಆ ಸೈಟ್‌ನವರು ಪುಟ ತಿದ್ದಿದ್ದರೆ, ಗೂಗಲ್‌ನ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಬಳಸಿ ನೀವೇ ಕೇಳಬಹುದು. ಹಳೆಯದರಲ್ಲಿದ್ದು ಈಗಿನ ಪುಟದಲ್ಲಿ ಎಲ್ಲೂ ಇಲ್ಲದ ಪದ ಕೊಡಬೇಕಾದೀತು. ‘ಲಾಂಚಿಗೆ ಕಾಯುವುದು ಬೇಡ’ ಎಂದು ಹೊಸದಾಗಿ ಬರೆದಿದ್ದರೆ ‘ಲಾಂಚ್’ ನಡೆಯುವುದಿಲ್ಲ.

ಸ್ನೇಹಿತರ ಸಾಲು ಬದಲಾಗಲು ಎಂಟು ದಿನ ಹಿಡಿಯಿತು. ಮ್ಯಾಪ್‌ನಲ್ಲಿ ಕಾಣುವ ಫೋನ್ ನಂಬರ್, ಸಮಯ, ವಿವರಣೆ ಮಾತ್ರ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಬರುವಂಥವು. ಅಲ್ಲೂ ಲಾಂಚಿನ ಮಾತೇ ಇತ್ತು. ಅದನ್ನು ಬೇರೆಯಾಗಿಯೇ ಲಾಗಿನ್ ಆಗಿ ತಿದ್ದಬೇಕಾಯಿತು.