ಓಡುತ್ತಿರುವ ಟ್ಯಾಂಕಿಗೇ ತೂತು ಕೊರೆದು ಸಂಪ್ ಹಾಕಿದ್ದು

ಮೀನು, ಕೋರಲ್ (ಹವಳ) ಎಲ್ಲ ಒಳಗೇ ಇರುವಾಗ ನನ್ನ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕಿನ ಹಿಂದಿನ ಗಾಜಿಗೆ ತೂತು ಕೊರೆಯುತ್ತೇನೆ ಅಂದಾಗ ಒಬ್ಬರೂ ಸರಿ ಅನ್ನಲಿಲ್ಲ. ತೂತು ಬೇಕಿದ್ದದ್ದು ಸಂಪಿಗೆ, ಅಂದರೆ ಕೆಳಗೆ ಇಡುವ ಇನ್ನೊಂದು ಟ್ಯಾಂಕಿಗೆ: ನೀರು ಅಲ್ಲಿಗೆ ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೆ ಬರುತ್ತದೆ. "ಗಾಜು ಸೀಳಿದರೆ ನನಗೆ ಫೋನ್ ಮಾಡಬೇಡ" ಎಂದ ಗೆಳೆಯನೊಬ್ಬ. ಈಗ ಹದಿನಾಲ್ಕು ತಿಂಗಳಾಯಿತು. ಒಂದು ಹನಿ ಸೋರಿಲ್ಲ.

ನನ್ನದು 120 × 45 × 45 ಸೆಂ.ಮೀ. ಟ್ಯಾಂಕ್. ಲೈವ್ ರಾಕ್ (ಬ್ಯಾಕ್ಟೀರಿಯಾ ಬೆಳೆದ ಕಲ್ಲು) ಬಿಟ್ಟರೆ ನೀರು 200 ಲೀಟರ್ ಆಸುಪಾಸು. ಅಂಚಿಗೆ ನೇತುಹಾಕುವ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಒಂದರಲ್ಲೇ ಎರಡು ವರ್ಷ ತಳ್ಳಿದ್ದೆ. ಕೊಳೆಯಿಂದ ಹುಟ್ಟುವ ನೈಟ್ರೇಟ್ 40ರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ತೂತು ಕೊರೆಯೋಕೆ ಮೊದಲು ನನಗೂ ಧೈರ್ಯ ಇರಲಿಲ್ಲ, ಸುಳ್ಳು ಯಾಕೆ. ಅದಕ್ಕೇ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಬಾಕ್ಸ್ ತಂದೆ. ತೂತಿಲ್ಲದೆ, ಯು ಆಕಾರದ ಟ್ಯೂಬಿನಲ್ಲಿ ನೀರನ್ನು ಅಂಚು ದಾಟಿಸಿ ಸಂಪಿಗೆ ಇಳಿಸುವ ಡಬ್ಬಿ ಅದು. ಮೂರು ವಾರ ಚೆನ್ನಾಗಿ ಓಡಿತು. ಅಷ್ಟರಲ್ಲಿ ಯು ಟ್ಯೂಬಿನ ನೆತ್ತಿಯಲ್ಲಿ ಗುಳ್ಳೆ ಸೇರಿಕೊಂಡಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಪಂಪ್ ಶುರುವಾಯಿತು, ಸೈಫನ್ (ಟ್ಯೂಬಿನಲ್ಲಿ ನೀರು ತಾನೇ ಎಳೆದುಕೊಂಡು ಇಳಿಯುವುದು) ಶುರುವಾಗಲಿಲ್ಲ. ಸಂಪಿನ ರಿಟರ್ನ್ ಕೋಣೆಯಲ್ಲಿ (ಪಂಪ್ ಇರುವ ಭಾಗ) ಇದ್ದ ನೀರಷ್ಟೂ ಮೇಲೇರಿ, ಆರೇಳು ಲೀಟರ್ ನೆಲದ ಮೇಲೆ. ಎಕ್ಸ್‌ಟೆನ್ಷನ್ ಬೋರ್ಡ್ ಪಕ್ಕದಲ್ಲೇ ಉಪ್ಪುನೀರು! ಅವತ್ತೇ ಬೋರ್ಡನ್ನು ಮೇಲಕ್ಕೆ ಸಿಕ್ಕಿಸಿದೆ.

ಎರಡನೇ ಪ್ರವಾಹಕ್ಕೆ ಪೂರ್ತಿ ನಾನೇ ಕಾರಣ. ನೀರನ್ನು ಮೇಲಕ್ಕೆ ತರುವ ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ 12 ಸೆಂ.ಮೀ. ಕೆಳಗೆ ಇಟ್ಟಿದ್ದೆ. ನೀರು ವಾಪಸ್ ಹೋಗದಂತೆ ತಡೆಯುವ ಚೆಕ್ ವಾಲ್ವ್ ಇದೆಯಲ್ಲ ಅಂತ ಧೈರ್ಯ. ಅದರೊಳಗೆ ಒಂದು ಚೂರು ಮರಳು ಸಿಕ್ಕಿಕೊಂಡಿತ್ತು. ಪಂಪ್ ನಿಂತದ್ದೇ ತಡ, ನೀರು ಅದೇ ಪೈಪಿನಲ್ಲಿ ವಾಪಸ್ ಇಳಿಯಿತು. ಲೆಕ್ಕ ಹಾಕಿ: ನನ್ನ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಅಂದರೆ 5.4 ಲೀಟರ್. 12 ಸೆಂ.ಮೀ. ಅಂದರೆ 65. ಸಂಪಿನಲ್ಲಿ ಖಾಲಿ ಇದ್ದ ಜಾಗ 50 ಲೀಟರ್ ಕೂಡ ಇರಲಿಲ್ಲ. ಈಗ ಬಾಯಿ ನೀರಿನ ಮಟ್ಟದಿಂದ ಎರಡೇ ಬೆರಳು ಕೆಳಗಿದೆ. ಅದರ ಪಕ್ಕದಲ್ಲಿ ಗಾಳಿ ಎಳೆದುಕೊಂಡು ಸೈಫನ್ ಮುರಿಯುವ ಸಣ್ಣ ತೂತು. ಆ ತೂತಿಗೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಹಲ್ಲುಕಡ್ಡಿ ಹಾಕಿ ಬಿಡಿಸುತ್ತೇನೆ. ಚೆಕ್ ವಾಲ್ವ್ ಕಿತ್ತು ಎಸೆದೆ.

ಓವರ್‌ಫ್ಲೋ ಬಾಕ್ಸ್, ಚೆಕ್ ವಾಲ್ವ್, ಉಬ್ಬಿಹೋದ ಸ್ಟ್ಯಾಂಡಿನ ಹಲಗೆ, ಅಳತೆ ತಪ್ಪಿ ತಂದ ಡೈಮಂಡ್ ಬಿಟ್. ಇಷ್ಟಕ್ಕೆ ಹೋದ ದುಡ್ಡಿನಲ್ಲಿ ಈಗಿನ ಪ್ಲಂಬಿಂಗನ್ನು ಎರಡು ಸಲ ಮಾಡಬಹುದಿತ್ತು. ಬಲ್ಕ್‌ಹೆಡ್ (ತೂತಿನಲ್ಲಿ ಕೂರಿಸಿ ಪೈಪ್ ಜೋಡಿಸುವ ಫಿಟಿಂಗ್) ಕೈಗೆ ಬಂದ ಮೇಲೆಯೇ ಬಿಟ್ ಕೊಳ್ಳಿ. ಒಂದೇ ಇಂಚು ಅಂದರೂ ಒಂದೊಂದು ಕಂಪನಿಯ ಬಲ್ಕ್‌ಹೆಡ್ಡಿಗೆ ಒಂದೊಂದು ಅಳತೆಯ ತೂತು ಬೇಕು.

ಕೊನೆಗೆ ಕೊರೆಯುವುದೇ ಅಂತಾಯಿತು. ಟ್ಯಾಂಕಿನ ಹಿಂದೆ ಮನುಷ್ಯ ನಿಲ್ಲುವಷ್ಟು ಜಾಗ ಇದ್ದದ್ದು ನನ್ನ ಪುಣ್ಯ. ಮೊದಲು ಗಾಜು ಟೆಂಪರ್ಡ್ (ಕೊರೆದರೆ ಪುಡಿಪುಡಿಯಾಗುವ ಹದಗೊಳಿಸಿದ ಗಾಜು) ಹೌದೋ ಅಲ್ಲವೋ ನೋಡಿದೆ. ಒಂದು ಕಡೆ ಲ್ಯಾಪ್‌ಟಾಪಿನ ಬಿಳಿ ಸ್ಕ್ರೀನ್, ಇನ್ನೊಂದು ಕಡೆ ಪೋಲರಾಯ್ಡ್ ಕನ್ನಡಕ. ಕಪ್ಪು ಪಟ್ಟೆ, ಕಲೆ ಕಂಡರೆ ಟೆಂಪರ್ಡ್, ಕೈ ಹಾಕಬೇಡಿ. ಹಳೇ ಗಾಜಿನ ತುಂಡುಗಳ ಮೇಲೆ ಅಭ್ಯಾಸ ಮಾಡಿದೆ. ಮೊದಲ ತುಂಡು ಎರಡಾಯಿತು, ಒತ್ತಿದ್ದೇ ತಪ್ಪು. ಡ್ರಿಲ್ಲಿನ ಭಾರವೇ ಸಾಕು. ನಾಲ್ಕನೇ ತುಂಡಿನ ಹೊತ್ತಿಗೆ ಕೈ ಪಳಗಿತ್ತು.

ನೀರನ್ನು ತೂತಿನ ಗುರುತಿಗಿಂತ ಅರ್ಧ ಅಡಿ ಕೆಳಗೆ ಇಳಿಸಿದೆ. ಮೀನು ಹಿಡಿಯುವ ಗೋಜಿಗೇ ಹೋಗಲಿಲ್ಲ, ಎರಡೂ ಕ್ಲೌನ್ ಮೀನುಗಳು ಕಲ್ಲಿನ ಹಿಂದೆ ಸೇರಿಕೊಂಡವು. ಅಂಚಿನಿಂದ ಒಂದು ತೂತಿನ ಅಗಲಕ್ಕಿಂತ ಜಾಸ್ತಿಯೇ ಜಾಗ ಬಿಟ್ಟೆ. ನಿಧಾನ ವೇಗ, ಬಿಟ್ ಮೇಲೆ ಸತತವಾಗಿ ನೀರು, ಒಂದೊಂದು ತೂತಿಗೆ ಹತ್ತು ನಿಮಿಷ. ಕೊರೆದ ಬಿಲ್ಲೆಯಾಗಲಿ ಗಾಜಿನ ಪುಡಿಯಾಗಲಿ ಒಳಗೆ ಬೀಳದಂತೆ ಏನು ಅಂಟಿಸಿದ್ದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅಷ್ಟು ತುಂಡು ಒಡೆದು ಕಲಿತದ್ದು.

ಟ್ಯಾಂಕಿನ ಒಳಗೆ ನೀರು ಉಕ್ಕಿ ಬೀಳುವ ತೆಳು ಡಬ್ಬಿ, ಗಾಜಿನ ಹಿಂದೆ ದೊಡ್ಡ ಡಬ್ಬಿ, ನಡುವೆ ಬಲ್ಕ್‌ಹೆಡ್. ವಾಷರ್ ಇದ್ದರಾಯಿತು, ಸಿಲಿಕೋನ್ ಬೇಡ. ಹಿಂದಿನ ಡಬ್ಬಿಯಿಂದ ಹರ್ಬಿ ಎಂಬ ಮಾದರಿಯಲ್ಲಿ ಸಂಪಿಗೆ ಎರಡು ಪೈಪ್. ಒಂದು ಯಾವಾಗಲೂ ಮುಳುಗಿದ್ದು ಪೂರ್ತಿ ಸೈಫನ್ ಆಗಿ ಓಡುತ್ತದೆ, ಇನ್ನೊಂದು ಎತ್ತರದಲ್ಲಿ ಸುಮ್ನೆ ನಿಂತಿರುತ್ತದೆ. ಮೊದಲನೆಯದಕ್ಕೆ ಬಾಲ್ ವಾಲ್ವ್ ಹಾಕಿ ಒದ್ದಾಡಿದೆ, ಒಂದು ಕೂದಲೆಳೆ ತಿರುಗಿಸಿದರೂ ಮಟ್ಟ ಎತ್ತಲೋ ಹೋಗುತ್ತಿತ್ತು. ಸ್ವಲ್ಪಸ್ವಲ್ಪವೇ ತೆರೆಯಬಹುದಾದ ಗೇಟ್ ವಾಲ್ವ್‌ಗೆ ದುಡ್ಡು ಜಾಸ್ತಿ, ಆದರೆ ಅದಿಲ್ಲದೆ ಆಗದು. ಒಮ್ಮೆ ಬಸವನಹುಳು ಮುಖ್ಯ ಪೈಪಿನೊಳಗೆ ಹೋಗಿ ಕೂತಿತು. ಎರಡನೇ ಪೈಪು ಗಳಗಳ ಎಂದಿತು, ಎದ್ದು ನೋಡಿದೆ, ನೆಲ ಒಣಗಿಯೇ ಇತ್ತು. ನನ್ನ ಲೆಕ್ಕದಲ್ಲಿ ಅವತ್ತೇ ನಾನು ಗೆದ್ದದ್ದು.

ಸಂಪ್ ಹಳೇ ಟ್ಯಾಂಕಿನದು, 75 × 35 × 40. ಕಸ ಸೋಸುವ ಬಟ್ಟೆ ಚೀಲ (ಸಾಕ್ಸ್), ಸ್ಕಿಮ್ಮರ್, ರಿಟರ್ನ್, ಮೂರು ಕೋಣೆ ಅಷ್ಟೇ. ಸ್ಕಿಮ್ಮರ್ ಕೋಣೆಯಲ್ಲಿ ಮಟ್ಟ 20 ಸೆಂ.ಮೀ. ಬಿಟ್ಟು ಅಲ್ಲಾಡಬಾರದು ಅಂತ ಬ್ಯಾಫಲ್ (ಕೋಣೆಗಳ ನಡುವಿನ ಅಡ್ಡಗಾಜು) ಎತ್ತರ ಅದಕ್ಕೇ ಕತ್ತರಿಸಿದೆ. ಒಟ್ಟು ಖರ್ಚಿನಲ್ಲಿ ಅರ್ಧ ಈ ಸ್ಕಿಮ್ಮರ್‌ಗೇ ಹೋಯಿತು, ಬೇಸರವಿಲ್ಲ. ಸಾಕ್ಸ್ ನಾಲ್ಕು ದಿನಕ್ಕೊಮ್ಮೆ ಬದಲಿಸದಿದ್ದರೆ ಅದೇ ನೈಟ್ರೇಟ್ ಗೂಡು. ನೈಟ್ರೇಟ್ ಮೂರು ತಿಂಗಳಲ್ಲಿ 10ರ ಹತ್ತಿರಕ್ಕೆ ಬಂತು.

ಈ ನಡುವೆ ಸಂಪಿನ ಒಂದು ಮೂಲೆಯಲ್ಲಿ ನೈಟ್ರೇಟ್ ಹೀರುವ ಚೀಟೋ ಪಾಚಿ ಬೆಳೆಸಿದೆ. ಮೊದಲ ಉಂಡೆ ಪುಡಿಪುಡಿಯಾಗಿ ಪಂಪಿಗೆ ಸುತ್ತಿಕೊಂಡಿತು. ಎರಡನೆಯದಕ್ಕೆ ಜಾಲರಿ ಕಟ್ಟಿ, ಮೇಲಿನ ದೀಪ ಆರಿದ ಮೇಲೆ ಇದರ ದೀಪ ಹಚ್ಚಿದೆ. ರಾತ್ರಿಯೂ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಬೆಳಗಿನ ಪಿಎಚ್ ಮೊದಲಿನಷ್ಟು ಇಳಿಯುತ್ತಿಲ್ಲ. ಆವಿಯಾದ ನೀರನ್ನು ಕ್ಯಾನಿನಿಂದ ತಾನೇ ತುಂಬುವ ಆಟೊ ಟಾಪ್-ಆಫ್ ಕೂಡ ಹಾಕಿದೆ. ಫ್ಲೋಟ್ ಸಿಕ್ಕಿಕೊಂಡು 20 ಲೀಟರ್ ಆರ್‌ಒ ನೀರು ಒಂದೇ ರಾತ್ರಿ ಸುರಿಯಿತು, ಉಪ್ಪಿನ ಮಟ್ಟ (ನೀರಿನ ಸಾಪೇಕ್ಷ ಸಾಂದ್ರತೆ) 1.025 ಇದ್ದದ್ದು 1.023. ಆಮೇಲೆ ಕ್ಯಾನು 5 ಲೀಟರಿನದಕ್ಕೆ ಇಳಿಸಿದೆ.

ಫೋನ್ ಮಾಡಬೇಡ ಅಂದ ಗೆಳೆಯ ಕಳೆದ ತಿಂಗಳು ನನ್ನ ಬಿಟ್ ಕೇಳಿಕೊಂಡು ಬಂದ. ಕೊಟ್ಟೆ. ಏನು ಅಂಟಿಸಿದ್ದೆ ಅಂತಲೂ ಕೇಳಿದ, ಅದನ್ನು ಹೇಳಲಿಲ್ಲ. ಸದ್ಯ ನನಗೆ ಉಳಿದಿರುವ ಕೆಲಸ ಗೊರಗೊರ ಅನ್ನುತ್ತಿರುವ ಸ್ಕಿಮ್ಮರ್ ಪಂಪ್ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುವುದು.