ನಿಮ್ಮ ದೇಹದಲ್ಲೇ ಮೂರು ಬಗೆಯ ಸ್ನಾಯುಗಳನ್ನು ಗುರುತಿಸುವ ಕ್ರಮ

ಸ್ನಾಯುಗಳು ಮೂರು ಬಗೆ ಎಂದು ಶಾಲೆಯಲ್ಲಿ ಕಲಿತವರೂ ದೇಹದ ಯಾವುದೋ ಒಂದು ಭಾಗವನ್ನು ತೋರಿಸಿ ಇಲ್ಲಿರುವುದು ಯಾವ ಬಗೆಯದು ಎಂದು ಕೇಳಿದರೆ ತಡವರಿಸುತ್ತಾರೆ. ಹೆಸರುಗಳನ್ನು ಬಾಯಿಪಾಠ ಮಾಡಿ ಕೆಲಸವನ್ನು ಗಮನಿಸದಿರುವುದೇ ಇದಕ್ಕೆ ಕಾರಣವೆಂದು ನನ್ನ ಭಾವನೆ. ಒಂದು ಮೇಜು, ಕನ್ನಡಿ, ಗಡಿಯಾರ ಮತ್ತು ಒಂದು ಲೋಟ ನೀರು ಇದ್ದರೆ ಮೂರನ್ನೂ ನೀವೇ ಪರೀಕ್ಷಿಸಿ ನೋಡಬಹುದು.

ಮೊದಲಿಗೆ ಮೂಳೆಗಳಿಗೆ ಅಂಟಿಕೊಂಡಿರುವ ಅಸ್ಥಿ ಸ್ನಾಯುವನ್ನು ತೆಗೆದುಕೊಳ್ಳಿ. ಬಲ ಅಂಗೈಯನ್ನು ಮೇಲ್ಮುಖವಾಗಿ ಮೇಜಿನ ಅಡಿಗೆ ಇಟ್ಟು, ಮೇಜನ್ನು ಎತ್ತುವವರಂತೆ ಮೆಲ್ಲಗೆ ಒತ್ತುತ್ತಾ, ಎಡಗೈಯಿಂದ ಬಲತೋಳನ್ನು ಮುಟ್ಟಿ ನೋಡಿದರೆ ಮುಂಭಾಗದ ದ್ವಿಶಿರ ಸ್ನಾಯು ಗಟ್ಟಿಯಾಗಿರುವುದೂ, ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಮೊಣಕೈಯ ಒಳಮಡಿಕೆಯಲ್ಲಿ ಹಗ್ಗದಂತೆ ಸೆಟೆದಿರುವುದೂ ತಿಳಿಯುತ್ತದೆ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿರಿ. ಮುಂಭಾಗ ಸಡಿಲವಾಗಿ, ತೋಳಿನ ಹಿಂಭಾಗದ ತ್ರಿಶಿರ ಸ್ನಾಯು ಬಿಗಿಯಾಗುತ್ತದೆ. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದಲೇ ಮಡಿಸಲು ಒಂದು, ಬಿಡಿಸಲು ಇನ್ನೊಂದು ಬೇಕಾಗುತ್ತದೆ. ಇಂತಹ ಸ್ನಾಯುಗಳು ದೇಹದಲ್ಲಿ 600ಕ್ಕೂ ಹೆಚ್ಚಿದ್ದು, ವಯಸ್ಕರ ತೂಕದಲ್ಲಿ ಸುಮಾರು ಶೇ. 40ರಷ್ಟು ಇವುಗಳದೇ ಆಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇವುಗಳ ತಂತುಗಳ ಮೇಲೆ ಅಡ್ಡ ಪಟ್ಟೆಗಳು ಕಾಣುತ್ತವೆ.

ಎರಡನೆಯದು ನುಣುಪು ಸ್ನಾಯು. ಬೆಳಕಿರುವ ಕಡೆ ಕನ್ನಡಿಯ ಮುಂದೆ ನಿಂತು, ಕಣ್ಣುಗಳನ್ನು ಅಂಗೈಯಿಂದ ಅರ್ಧ ನಿಮಿಷ ಮುಚ್ಚಿ ತಟ್ಟನೆ ತೆರೆದರೆ, ಅಗಲವಾಗಿದ್ದ ಪಾಪೆ ಕಿರಿದಾಗುವುದನ್ನು ಕಾಣುವಿರಿ. ಬೇಡವೆಂದು ಎಷ್ಟೇ ಪ್ರಯತ್ನಿಸಿದರೂ ಅದನ್ನು ತಡೆಯಲಾಗದು. ಜಠರ, ಕರುಳು, ಮೂತ್ರಕೋಶ, ಗರ್ಭಕೋಶ ಮತ್ತು ರಕ್ತನಾಳಗಳ ಗೋಡೆಗಳಲ್ಲಿರುವುದೂ ಪಟ್ಟೆಗಳಿಲ್ಲದ ಇದೇ ಬಗೆ. ಇದರ ಸಂಕೋಚನ ನಿಧಾನವಾದರೂ ದೀರ್ಘಕಾಲ ದಣಿಯದೆ ನಡೆಯುತ್ತದೆ.

ಹೃದಯ ಸ್ನಾಯು ಇರುವುದು ಹೃದಯದಲ್ಲಿ ಮಾತ್ರ. ಹೆಬ್ಬೆರಳಿಗೆ ತನ್ನದೇ ಮಿಡಿತವಿರುವುದರಿಂದ ಅದನ್ನು ಬಿಟ್ಟು ಬೇರೆ ಎರಡು ಬೆರಳುಗಳನ್ನು ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕಡೆಗೆ ಇಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿರಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರೊಳಗೆ ಇರುತ್ತದೆ. ಹೃದಯ ಬಡಿಯಲು ಮೆದುಳಿನ ಆಜ್ಞೆಗಾಗಿ ಕಾಯುವುದಿಲ್ಲ. ಬಲ ಹೃತ್ಕರ್ಣದಲ್ಲಿರುವ, ಅಂದರೆ ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿರುವ, ವಿಶೇಷ ಕೋಶಗಳು ತಾವೇ ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತವೆ, ನರಗಳು ವೇಗವನ್ನು ಹೆಚ್ಚು ಕಡಿಮೆ ಮಾಡುತ್ತವೆ ಅಷ್ಟೆ. ಈ ಸ್ನಾಯುವಿನಲ್ಲೂ ಪಟ್ಟೆಗಳಿದ್ದು, ಕವಲೊಡೆದ ಕೋಶಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಸಂಕೇತವು ಕೋಶದಿಂದ ಕೋಶಕ್ಕೆ ಕ್ಷಿಪ್ರವಾಗಿ ಹರಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಇಚ್ಛೆಗೆ ಒಳಪಡುವುದೋ ಇಲ್ಲವೋ ಎಂಬುದೊಂದನ್ನೇ ಗುರುತಾಗಿಟ್ಟುಕೊಂಡರೆ ತಪ್ಪಾಗುತ್ತದೆ. ಚಳಿಗೆ ನಡುಗಿ ಶಾಖವನ್ನು ಉತ್ಪಾದಿಸುವುದು ಅಸ್ಥಿ ಸ್ನಾಯುಗಳೇ, ಆದರೆ ಆ ನಡುಕವನ್ನು ಯಾರೂ ಬಯಸಿ ತಂದುಕೊಳ್ಳುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಪರದೆಯಂತಿದ್ದು ನಿದ್ದೆಯಲ್ಲೂ ಉಸಿರಾಟ ನಡೆಸುವ ವಪೆಯೂ ಅಸ್ಥಿ ಸ್ನಾಯುವೇ. ಲೋಟದ ನೀರನ್ನು ಒಂದು ಗುಟುಕು ಕುಡಿದು ಗಮನಿಸಿರಿ: ನುಂಗಲು ತೊಡಗುವುದು ನಿಮ್ಮ ಇಚ್ಛೆ, ಆದರೆ ಗಂಟಲು ದಾಟಿದ ಗುಟುಕನ್ನು ಹಿಂದಕ್ಕೆ ಕರೆಯಲಾಗದು. ಅನ್ನನಾಳದ ಮೇಲ್ಭಾಗದಲ್ಲಿ ಪಟ್ಟೆಗಳಿರುವ ಸ್ನಾಯುವಿದ್ದು, ನಡುವೆ ಎರಡೂ ಬೆರೆತು, ಕೆಳಭಾಗದಲ್ಲಿ ನುಣುಪು ಸ್ನಾಯುವೇ ಉಳಿಯುತ್ತದೆ.